ಮೆಣಸಿನಪುಡಿಯ ಮೇಲೆ ಬಂದ ಆಪಾದನೆ

ಕಾಲೇಜು ಪ್ರವೇಶ ಪರೀಕ್ಷೆ ಮುಗಿಸಿದ ಮಕ್ಕಳಿಗೆ ಕೊರಿಯಾದ ನಮ್ಮ ಉಲ್ಸಾನಿನಲ್ಲಿ ಕನ್ನಡಕ ಬಿಡಿಸುವ ಕಣ್ಣಿನ ಲೇಸರ್ ಆಪರೇಷನ್ನೇ ಉಡುಗೊರೆ. ಆ ಹೊತ್ತಿಗೇ ಮನೆಮನೆಯಲ್ಲೂ ಚಳಿಗಾಲಕ್ಕೆ ಕಿಮ್ಚಿ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ಗಡಿಬಿಡಿ. ನನ್ನ ತಂಗಿ ಉನ್ಸಿಲ್ ಲೇಸರ್ ಮಾಡಿಸಿಕೊಂಡು ಬಂದಾಗ ಅಮ್ಮ ಅವಳನ್ನು ಎಲೆಕೋಸಿಗೆ ಮಸಾಲೆ ಹಚ್ಚಲು ಕೂರಿಸಿದ್ದಳು. ಕೆಲವು ವರ್ಷಗಳಲ್ಲಿ ಉನ್ಸಿಲ್ ಕಣ್ಣು ಮಂಜಾಯಿತು. ಮೆಣಸಿನಪುಡಿ ಬಿದ್ದೇ ಹೀಗಾಯಿತೆಂದು ಎಲ್ಲರೂ ನಂಬಿದೆವು, ಅಮ್ಮನೂ. ಉನ್ಸಿಲ್ ಕಿಮ್ಚಿಗೆ ಬರುವುದನ್ನೇ ಬಿಟ್ಟಳು.

ಅದಕ್ಕೇ ಈ ಸಲ ಮಗಳು ಬೊರಾಮಳಿಗೆ ಮೊದಲೇ ಹೇಳಿದ್ದೆ: “ಲೇಸರ್ ಆದ್ಮೇಲೆ ಅಡುಗೆಮನೆ ಕಡೆ ತಲೆ ಹಾಕ್ಬೇಡ.”

ಆದರೆ ಅವಳ ಕೆನ್ನೆಯೊಳಗಿನ ಎಂಜಲನ್ನು ವಂಶವಾಹಿ ಪರೀಕ್ಷೆಗೆ ಕಳಿಸಿದ್ದ ಡಾಕ್ಟರು ಲೇಸರ್ ಬೇಡವೆಂದರು. ಕಣ್ಣಿನ ಪಾರದರ್ಶಕ ಪರದೆಯಲ್ಲಿ ಕೊಲಾಜೆನ್ ಎಳೆಗಳು ಮಗ್ಗದ ಹಾಸಿನಂತೆ ಸಾಲಾಗಿರುತ್ತವಂತೆ. ಗರ್ಭದಲ್ಲೇ ಹಾಗೆ ಜೋಡಿಸಿಕೊಳ್ಳತೊಡಗುತ್ತವೆ, ಅದರಿಂದಲೇ ಬೆಳಕು ತೂರುವುದು. ಅವುಗಳ ನಡುವೆ ಅಂಟಿನಂತಿರುವ ಒಂದು ಪ್ರೋಟೀನು ನಮ್ಮ ವಂಶದಲ್ಲಿ ಸೊಟ್ಟ. ಬಿಳಿ ಕಾಳಾಗಿ ಕೂರುತ್ತದೆ. ನನ್ನ ಕಣ್ಣಲ್ಲೂ ಇವೆಯಂತೆ.

“ಮುಟ್ಟದಿದ್ರೆ ನಿಮ್ಮ ಹಾಗೆ ಕಾಲ ಹಾಕಬಹುದು. ಲೇಸರ್ ಗಾಯ ಆಯ್ತೋ, ತೋಫು ಥರ ಹೆಪ್ಪುಗಟ್ಟುತ್ತೆ,” ಎಂದರು.

ಬಸ್ಸಿನಲ್ಲಿ ಬೊರಾಮ್ ಮುಖ ತಿರುಗಿಸಿ ಕೂತಳು. “ಈ ಬಾಟಲಿ ತಳದಂಥ ಕನ್ನಡಕ ಹಾಕ್ಕೊಂಡು ನಾನು ಕಾಲೇಜಿಗೆ ಹೋಗಲ್ಲ. ಇನ್ನೊಂದು ಕ್ಲಿನಿಕ್ಕಲ್ಲಿ ಟೈಮ್ ತಗೊಂಡಿದೀನಿ. ಅವರು ಎಂಜಲುಗಿಂಜಲು ಕೇಳಲ್ಲ. ನೀನು ಸಹಿ ಹಾಕದಿದ್ರೆ ಮುಂದಿನ ವರ್ಷ ನಾನು ದೊಡ್ಡವಳಾಗ್ತೀನಿ, ನಿನ್ನ ಸಹಿನೂ ಬೇಕಾಗಲ್ಲ.”

ಉನ್ಸಿಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಹಾಗಾದ್ರೆ ಮೆಣಸಿನಪುಡಿ ಅಲ್ವಾ?”

“ಅಲ್ವಂತೆ.”

“ಅಮ್ಮ ಸಾಯೋವರೆಗೂ ನಾನು ಅವಳ ಕೈಯಿಂದ ಒಂದು ತುತ್ತು ತಿನ್ಲಿಲ್ಲ ಕಣೆ ಅಕ್ಕ.”



ಕಿಮ್ಚಿ ದಿನ ಉನ್ಸಿಲ್ ಕರೆಯದೇ ಬಂದಳು. ಗೋಡೆ ಸವರಿಕೊಂಡು ಹೋಗಿ ಬೊರಾಮಳ ಪಕ್ಕ ಕೂತು, “ಏನೇ ಕನ್ನಡಕದ ಮಹಾರಾಣಿ, ನಂಗೂ ಒಂದು ಎಲೆಕೋಸು ತಳ್ಳು,” ಎಂದಳು.

ಬೊರಾಮ್ ನಗಲಿಲ್ಲ. “ಚಿಕ್ಕಮ್ಮ, ನಾನು ನಿಮಗೆ ಹೇಗೆ ಕಾಣ್ತೀನಿ?”

“ಬಚ್ಚಲಮನೆ ಗಾಜಿನಾಚೆ ನಿಂತ ಹಾಗೆ. ಡಾಕ್ಟರ ಹತ್ರ ಎರಡು ಸಲ ಆ ಮಂಜು ಕೆರೆಸಿದೆ. ಮತ್ತೆ ಬಂತು.”

ಬೊರಾಮಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವಳ ಎರಡೂ ಕೈ ಮಸಾಲೆಯಲ್ಲಿ ಕೆಂಪು. “ಸ್ವಲ್ಪ ಏರಿಸಿ ಚಿಕ್ಕಮ್ಮ,” ಎಂದಳು. ಉನ್ಸಿಲ್ ಬೆರಳು ಮೊದಲು ಕೆನ್ನೆಗೆ ತಾಗಿತು, ಆಮೇಲೆ ಕಿವಿಗೆ. ಅದು ಕನ್ನಡಕ ಹುಡುಕಿಕೊಳ್ಳುವವರೆಗೂ ಮಗಳು ಮುಖ ಅಲ್ಲಾಡಿಸಲಿಲ್ಲ.

“ಅಮ್ಮಾ,” ಎಂದಳು ಕೊನೆಗೆ, “ಆ ಕ್ಲಿನಿಕ್‌ಗೆ ನೀನೇ ಫೋನ್ ಮಾಡಿ ಬರಲ್ಲ ಅನ್ನು. ನನ್ನ ಕೈ ಖಾರ.”