ಗಿರಣಿ ಹಿಟ್ಟಿನ ಬಾಣ

ಇವತ್ತಿನ ಓಟದಲ್ಲಿ ನೀರು ಕೊಡೋಕೆ ನಿಲ್ಲೋದೂ ದೊಡ್ಡ ಕೆಲಸಾನೇ ಅತ್ತಿಗೆ, ಅಂದಳಲ್ಲ ನಾದಿನಿ, ಹಲ್ಲುಜ್ಜುತ್ತಾ ಅಂದಳು, ಬಾಯಿ ತುಂಬ ನೊರೆ ಇಟ್ಟುಕೊಂಡು, ನಾನು ಕೈಯಲ್ಲಿದ್ದ ಲೋಟವನ್ನು ಬಚ್ಚಲ ಕಲ್ಲಿಗೆ ಕುಕ್ಕಿದೆ, ದೊಡ್ಡ ಕೆಲಸ ಆದ್ರೆ ನೀನೇ ನಿಲ್ಲು, ನಾನು ಮುಂದೆ ಓಡ್ತೀನಿ ಅಂದೆ, ಅದಕ್ಕವಳು ಉಗುಳಿ ಬಾಯಿ ಒರೆಸಿಕೊಂಡು, ಮೊದಲು ನಿಮ್ಮ ಮಂಡಿ ನೋಡ್ಕೊಳ್ಳಿ, ಅಣ್ಣನ ಹಳೇ ಪ್ಯಾಂಟಿಗೆ ಹಗ್ಗ ಕಟ್ಕೊಂಡು ಅತಿಥಿಗಳ ಮುಂದೆ ಬರ್ತೀರಾ, ಹುಡುಗೀರು ನಗ್ತಾರೆ — ನಗ್ತಾರಾ, ನಗಲಿ, ನಿನ್ನೆ ನಿನ್ನ ಮೈಕಿನ ಮಾತು ಕೇಳಿ ನಾನೂ ನಕ್ಕೆ ಕಣೇ, ಹೊಟ್ಟೆ ಹುಣ್ಣಾಗೋ ಹಾಗೆ — ಇವರು, ನನ್ನ ಗಂಡ, ಅವಳ ಒಡಹುಟ್ಟಿದ ಅಣ್ಣ, ಒಳಗಿನಿಂದಲೇ ಹೋಗ್ಲಿ ಬಿಡ್ರೇ, ಬೆಳಿಗ್ಗೆ ಬೆಳಿಗ್ಗೆ, ಅಂದರು, ಮನೆಗೆ ಬೆಂಕಿ ಬಿದ್ದರೂ ಈ ಮನುಷ್ಯ ಮಗ್ಗುಲು ಬದಲಿಸಿ ಅದನ್ನೇ ಹೇಳುತ್ತಾರೆ, ಹಿಟ್ಟಿನ ಚೀಲ ಹೆಗಲಿಗೇರಿಸಿ ಬಾಗಿಲು ದಡಾರ್ ಅಂತ ಎಳೆದುಕೊಂಡು ಬಂದೆ, ಚಿಲಕ ಕಿತ್ತು ಬಂದಿದ್ದರೂ ಬಂದಿರಬಹುದು, ಬರಲಿ, ಹೋಗ್ಲಿ ಬಿಡು ಅನ್ನುವವರೇ ಮೊಳೆ ಹೊಡೆದುಕೊಳ್ಳಲಿ.

ಕಾಲು ಬಿಸಿಯಾಗುವವರೆಗೆ ಮಂಡಿ ಚುಚ್ಚುತ್ತದೆ, ಗಿರಣಿ ಓಣಿ ದಾಟಿ ಮರ ಕೊಯ್ಯುವ ಮಿಲ್ಲಿನ ಹಸಿ ಹೊಟ್ಟಿನ ವಾಸನೆ ಮೂಗಿಗೆ ಬಡಿದ ಮೇಲೆ ಎಲ್ಲ ಸರಿಹೋಗುತ್ತದೆ, ಇಲ್ಲಿ ಮೊದಲ ಕವಲು, ಚೀಲದಿಂದ ಒಂದು ಹಿಡಿ ತೆಗೆದು ಸುರಿ, ಹೆಬ್ಬೆರಳಲ್ಲಿ ಎಳೆ, ಹಿಂದೆ ಓಡಿ ಬರುವವರಿಗೆ ದಾರಿ ತೋರಿಸುವ ಬಾಣ, ನಮ್ಮ ಗಿರಣಿಯ ನೆಲ ಗುಡಿಸಿದ ಹಿಟ್ಟು ಇದು, ತಿನ್ನಲು ಬಾರದ್ದು, ಬಿಸಾಡುವ ಬದಲು ದಾರಿಗೆ ಹಾಕೋಣ ಅಂತ ಹೊಳೆದದ್ದು ಯಾರಿಗೆ, ನನಗೆ, ಆಡು ನೆಕ್ಕುವ ಮೊದಲು, ಗಾಡಿ ಓಡಾಡುವ ಮೊದಲು ಹಾಕಬೇಕು, ಆದ್ದರಿಂದ ಹಾಕುವವಳು ಎಲ್ಲರಿಗಿಂತ ಮುಂಚೆ ಓಡಬೇಕು, ಓಡುವವರು ಬಾಣ ನೋಡುತ್ತಾರೆ, ಹಾಕಿದವಳನ್ನು ಯಾರು ನೋಡುತ್ತಾರೆ. ಇಟ್ಟಿಗೆ ಗೂಡಿನ ಹಿಂದಿನ ದಾರಿ ನನ್ನದು, ಚಳಿಯಲ್ಲಿ ಗೂಡಿನ ಕಾವು ಬೆನ್ನಿಗೆ ಬೆಚ್ಚಗೆ ಹೊಡೆಯುತ್ತದೆ, ಪಂಪ್‌ಹೌಸ್ ಸುತ್ತಿ ನದಿಯ ಪಕ್ಕಕ್ಕೆ ಇಳಿಯುವ ದಾರಿ ನನ್ನದು, ಅಲ್ಲಿ ಮುಳ್ಳುಬೇಲಿ ಬಿದ್ದಿದ್ದಾಗ ಬರಿಗೈಯಲ್ಲಿ ಎಳೆದು ಹಾಕಿದೆ, ಗೀರಿದ ಗುರುತು ಈಗಲೂ ಇದೆ, ನಿನ್ನೆ ಮೈಕಿನಲ್ಲಿ ಏನಂದಳು, ಶಾಲೆಯ ಸಭಾಂಗಣದಲ್ಲಿ, ಊರಿನ ಅಷ್ಟೂ ಹೆಂಗಸರ ಎದುರು, ನನ್ನ ಬದುಕಿನ ಕಷ್ಟದ ದಿನಗಳಲ್ಲಿ ನಾನು ಒಬ್ಬಳೇ ಅಲೆದು ಈ ದಾರಿಗಳನ್ನು ಹುಡುಕಿದೆ, ಅಂದಳು, ಒಬ್ಬಳೇ ಅಂತೆ, ಚಪ್ಪಾಳೆ, ಹಿಂದಿನ ಸಾಲಿನಲ್ಲಿ ಕುರ್ಚಿ ಮಡಚಿ ಜೋಡಿಸುತ್ತಿದ್ದವಳು ನಾನು, ಪಕ್ಕದವಳು ಮೊಣಕೈಯಲ್ಲಿ ತಿವಿದು, ನಿಮ್ಮ ನಾದಿನಿ ಎಷ್ಟು ಗಟ್ಟಿಗಿತ್ತಿ ಅಲ್ವಾ ಅಂದಳು.

ಗಟ್ಟಿಗಿತ್ತಿ. ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದವಳು ಗಿರಣಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳಲ್ಲ, ಉಣ್ಣಲಿಲ್ಲ, ತಲೆ ಬಾಚಲಿಲ್ಲ, ಅಣ್ಣ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು ಹೋಗುತ್ತಿದ್ದರು, ನಾನು ಒಂದು ಬೆಳಿಗ್ಗೆ ಕಾಲು ಹಿಡಿದು ಎಳೆದೆ, ಎದ್ದೇಳೇ, ಸಾಯೋದಾದ್ರೆ ಓಡಿ ಸಾಯಿ, ಮಲಗಿ ಸಾಯಬೇಡ, ಚಾಪೆ ಹಾಳಾಗುತ್ತೆ, ಅಂದೆ, ಅವಳು ಅಳುತ್ತಾ ಓಡಿದಳು, ಮೂಗು ಸುರಿಸುತ್ತಾ ಓಡಿದಳು, ದಾರಿಯನ್ನು ಎಲ್ಲಿ ನೋಡಿದಳು, ನೋಡುತ್ತಿದ್ದದ್ದು ನನ್ನ ಹಿಮ್ಮಡಿಯನ್ನು, ನಾನು ನಿಂತರೆ ಬಂದು ಬೆನ್ನಿಗೆ ಗುದ್ದುತ್ತಿದ್ದಳು, ಹಸುವಿನ ಬಾಲದ ಹಿಂದೆ ಬಿದ್ದ ಕರುವಿನ ಹಾಗೆ. ಆಮೇಲೆ ಮೈ ತುಂಬಿಕೊಂಡಿತು, ಕೆಲಸ ಸಿಕ್ಕಿತು, ಟೀಚರ್ ಆದಳು, ಬಿಳಿ ಅಂಗಿ ಹೊಲಿಸಿ ಹೆಂಗಸರ ಓಟದ ಗುಂಪು ಕಟ್ಟಿದಳು, ಕಟ್ಟಲಿ, ನಾನೇ ಕಾಜ ಹಾಕಿ ಗುಂಡಿ ಹೊಲಿದುಕೊಟ್ಟೆ, ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ, ಇವಳು ಒದ್ದು, ಆ ಏಣಿಯ ಕೈಗೇ ನೀರಿನ ಜಗ್ಗು ಕೊಟ್ಟಳು.

ತೂಬು ಬಂತು. ನೀರು ಒಳಗೊಳಗೇ ಗೊರಗುಟ್ಟುತ್ತಿದೆ, ನದಿ ಈ ವಾರ ಉಕ್ಕಿ ಇಳಿದಿದೆ, ದಾರಿ ಇಲ್ಲಿ ಎರಡಾಗುತ್ತದೆ, ಬಲಕ್ಕೆ ಹತ್ತಿದರೆ ಮಣ್ಣಿನ ಏರಿ, ಅದರ ಮೇಲೆ ನೆಟ್ಟಗೆ ಹೋದರೆ ಹುಲ್ಲು ಬಯಲು, ಅಲ್ಲಿ ಶಾಮಿಯಾನ, ಅತಿಥಿಗಳು, ಅವಳ ಮೈಕು, ಎಡಕ್ಕೆ ಇಳಿದರೆ ಜೊಂಡು, ಜೊಂಡಿನೊಳಗೆ ಕೆಸರು, ಮೇಲೆ ಪಾಚಿ ಹಸಿರಾಗಿ ನೆಲದ ಹಾಗೇ ಕಾಣುತ್ತದೆ, ಕಾಲಿಟ್ಟರೆ ತೊಡೆಯವರೆಗೆ, ಸೊಂಟ ದಾಟುವುದಿಲ್ಲ, ಯಾರೂ ಸಾಯುವುದಿಲ್ಲ, ನನಗೆ ಗೊತ್ತು, ಒಂದು ಸಲ ದಾಟಿದ್ದೇನೆ, ಆಚೆ ಹೆದ್ದಾರಿ, ಆದರೆ ಆ ವಾಸನೆ, ಕೊಳೆತ ಮೊಟ್ಟೆಯ ವಾಸನೆ, ಮೂರು ಸಲ ಮಿಂದರೂ ಬಿಡುವುದಿಲ್ಲ, ಮೊಣಕಾಲೂರಿ ಕೂತೆ, ಹಿಡಿ ತುಂಬ ಹಿಟ್ಟು, ಚೆನ್ನಾಗಿ, ದಪ್ಪಗೆ, ಇಷ್ಟು ಚೆಂದದ ಬಾಣವನ್ನು ಇದುವರೆಗೆ ಹಾಕಿರಲಿಲ್ಲ, ಎಡಕ್ಕೆ. ಬಾ ಟೀಚರಮ್ಮ, ನೀನೇ ಹುಡುಕಿದ ದಾರಿಯಲ್ಲವೇ, ಬಾ, ಹಿಂದೆ ಅಷ್ಟೂ ಬಿಳಿ ಅಂಗಿ ಕಟ್ಟಿಕೊಂಡು ಇಳಿ, ಅತಿಥಿಗಳ ಮುಂದೆ ಎಮ್ಮೆ ಹಿಂಡಿನ ಹಾಗೆ ಎದ್ದು ಹೋಗಿ ನಿಲ್ಲು, ಮೈಕು ಕೇಳು, ಹುಡುಗೀರು ಯಾರನ್ನು ನೋಡಿ ನಗುತ್ತಾರೆ ನೋಡೋಣ.

ಏರಿಯ ದಾರಿಯಲ್ಲೇ ಸೇತುವೆ, ಅದರ ಮೇಲೆ ಡ್ರಮ್ಮು, ಜಗ್ಗು, ಲೋಟಗಳು, ನನ್ನನ್ನು ನಿಲ್ಲಿಸಿದ ಜಾಗ, ಒಳ್ಳೆಯ ಜಾಗ, ಇಲ್ಲಿಂದ ಕವಲು ಅಂಗೈಯ ಹಾಗೆ ಕಾಣುತ್ತದೆ, ಪಂಪ್‌ಹೌಸ್ ತಿರುವಿನಲ್ಲಿ ಬಿಳಿ ಬಂತು, ಸದ್ದೂ ಬಂತು, ಮಾತು, ನಗು, ಯಾರದೋ ಅಯ್ಯೋ ನನ್ನ ಸೊಂಟ, ಇವಳೇ ಮುಂದೆ, ಕತ್ತು ಎತ್ತಿಕೊಂಡು, ತೂಬು ದಾಟಿದಳು, ಬಾಣದ ಎದುರು ನಿಂತಳು, ಯಾಕೆ ನಿಂತಳು, ಓಡು, ಓಡೇ, ಬಾಣ ಇದೆಯಲ್ಲ, ಅವಳು ಬಗ್ಗಿ ನೋಡಿದಳು, ಆಮೇಲೆ ತಲೆಯೆತ್ತಿ ಸೇತುವೆ ನೋಡಿದಳು, ನನ್ನನ್ನು, ನಾನು ಜಗ್ಗು ಹಿಡಿದು ನಿಂತೇ ಇದ್ದೆ, ನೋಡು, ಕಣ್ಣು ತುಂಬ ನೋಡು, ನಾನು ಮುಖ ತಿರುಗಿಸುವವಳಲ್ಲ. ಒಬ್ಬಳು ಎಡಕ್ಕೆ ಇಳಿಯಲು ಹೊರಟಳು, ಇವಳು ತೋಳು ಹಿಡಿದು ಎಳೆದಳು, ಆ ಕಡೆ ಅಲ್ಲ ಕಣೇ, ಎಲ್ಲರೂ ಏರಿ ಮೇಲೆ ಹತ್ತಿ, ಬಲಕ್ಕೆ, ನೆಟ್ಟಗೆ ಹೋಗಿ, ಅಂದಳು, ದನಿ ನೀರಿನ ಮೇಲಿಂದ ಸ್ಪಷ್ಟವಾಗಿ ಬಂತು, ಗೊತ್ತಿತ್ತು, ಇವಳಿಗೆ ದಾರಿ ಗೊತ್ತಿತ್ತು, ಅಳುತ್ತಾ ಓಡಿದವಳು ಯಾವಾಗ ನೋಡಿಕೊಂಡಳು, ಯಾರೋ ಕೇಳಿದರು, ಮತ್ತೆ ಈ ಬಾಣ ಯಾಕೆ ಟೀಚರ್ ಹೀಗಿದೆ, ಅದಕ್ಕಿವಳು, ಅದು ನಿಮಗಲ್ಲ, ನನಗೊಬ್ಬಳಿಗೇ ಹಾಕಿದ್ದು, ಅಂದಳು.

ಅಂದು ಇಳಿದಳು. ಷೂ ಬಿಚ್ಚಿ, ಲೇಸು ಗಂಟು ಹಾಕಿ ಕೈಗೆ ತೂಗಿಸಿಕೊಂಡು ಇಳಿದಳು, ಪಾಚಿ ಒಡೆದು ಕಪ್ಪು ಉಕ್ಕಿತು, ಮಂಡಿ, ತೊಡೆ, ಸೊಂಟ, ಎರಡು ಕೈ ಮೇಲೆ, ಹುಚ್ಚಿ, ಬಾ ವಾಪಸ್ಸು ಅನ್ನಲು ಬಾಯಿ ತೆರೆದೆ, ನಾನ್ಯಾಕೆ ಅನ್ನಲಿ, ಮೈಕಿನಲ್ಲಿ ಒಬ್ಬಳೇ ಅಂದವಳು ಒಬ್ಬಳೇ ಹೋಗಲಿ, ಜೊಂಡು ಅಲುಗಿತು, ಮುಚ್ಚಿಕೊಂಡಿತು, ಆಚೆ ದಡದಲ್ಲಿ ಎದ್ದಳು, ಸೊಂಟದ ಕೆಳಗೆಲ್ಲ ಕಪ್ಪು, ಮೇಲೆ ಬಿಳಿ, ಕೈಯಲ್ಲಿ ಷೂ, ಈಗ ತಿರುಗುತ್ತಾಳೆ, ತಿರುಗಿ ಬೈಯುತ್ತಾಳೆ, ಬೈಯಲಿ, ಉತ್ತರ ಕೊಡಲು ಬಾಯಿಗೆ ಬಂದದ್ದೆಲ್ಲ ಜೋಡಿಸಿಟ್ಟುಕೊಂಡಿದ್ದೇನೆ, ಅವಳು ತಿರುಗಲಿಲ್ಲ, ಹೆದ್ದಾರಿಗೆ ಹತ್ತಿದಳು, ಊರಿಗೆ ಬರಬೇಕಾದರೆ ಬಲಕ್ಕೆ, ಅವಳು ಎಡಕ್ಕೆ ನಡೆದಳು, ಓಡಲಿಲ್ಲ, ನಡೆದಳು. ಅಕ್ಕಾ ನೀರು, ಅಕ್ಕಾ ನನಗೂ, ಬಿಳಿ ಅಂಗಿಗಳು ಸುತ್ತ ಮುತ್ತಿವೆ, ಟೀಚರ್ ಎಲ್ಲಿಗೆ ಹೋದ್ರು, ಯಾವಾಗ ಬರ್ತಾರೆ, ಬಯಲಿನ ಕಡೆಯಿಂದ ಮೈಕು ಅವಳ ಹೆಸರು ಕೂಗುತ್ತಿದೆ, ಸಾರಿ ಸಾರಿ ಕೂಗುತ್ತಿದೆ, ಬಿಸಿಲು ತಲೆಗೆ ಹತ್ತಿತು, ಡ್ರಮ್ಮು ಖಾಲಿಯಾಯಿತು, ಶಾಮಿಯಾನ ಬಿಚ್ಚಿದರು, ಇವರು ಸೈಕಲ್ಲಿನಲ್ಲಿ ಬಂದು ಸೇತುವೆಯ ತುದಿಯಲ್ಲಿ ನಿಂತು, ಲೇ, ತಂಗಿ ಮನೆಗೆ ಬಂದಿಲ್ಲ, ಏನಂದೆ ಅವಳಿಗೆ, ಏನಂದೆ ಹೇಳು, ಅಂದರು, ನಾನು ಏನೂ ಅಂದಿಲ್ಲ, ಒಂದು ಮಾತೂ ಅಂದಿಲ್ಲ, ಕಣ್ಣಲ್ಲಿ ಇನ್ನೂ ಹೆದ್ದಾರಿಯ ಅಂಚು, ಸೊಂಟದ ಕೆಳಗೆ ಕಪ್ಪು, ಮೇಲೆ ಬಿಳಿ, ತೂಗುವ ಷೂ, ಲಾರಿ ಅಡ್ಡ ಬಂತು, ಹೋಯಿತು, ಮತ್ತೆ ಕಪ್ಪು, ಬಿಳಿ, ಚಿಕ್ಕದು, ಇನ್ನೂ ಚಿಕ್ಕದು, ಕೈಯಲ್ಲಿ ತೂಗುವ ಷೂ, ತೂಗುವ ಷೂ