ಪೂಜೆಗೆ ಆರಿಸಿದ ಫ್ರೀಜರು

ಆಶ್ವೀಜ ಮಾಸ, ಆಯುಧಪೂಜೆಯ ದಿನ, ಬೆಳಿಗ್ಗೆ ಒಂಬತ್ತರ ಎಳೆಬಿಸಿಲು. ಅದು ಶುರುವಾದದ್ದು ಆಗ.

ಚೈತ್ರ ಸಹಕಾರನಗರದ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಹೆಬ್ಬಾಳದ ಬಳಿಯ ಸಂಸ್ಥೆಯೊಂದರಲ್ಲಿ ಅವಳದ್ದೊಂದು ಪುಟ್ಟ ಲ್ಯಾಬು. ಹೊಸ ಸಂಶೋಧಕರಿಗೆಂದು ಕೊಡುವ ಅನುದಾನದಿಂದಲೇ ಅದು ನಡೆಯಬೇಕು. ಮುಂದಿನ ವಾರ ಸಮಿತಿಯವರು ಬಂದು, ಫಲಿತಾಂಶ ನೋಡಿ ಒಪ್ಪಿದರೆ ಉಳಿಯಿತು, ಇಲ್ಲವಾದರೆ ಬಾಗಿಲು ಮುಚ್ಚಿದಂತೆ. ಮತ್ತೆ ಅರ್ಜಿ ಹಾಕೋಣವೆಂದರೆ ಅವಳಿಗೆ ವಯಸ್ಸಿನ ಮಿತಿ ದಾಟಿತ್ತು.

ಫೋನು ಬಂತು. ಲ್ಯಾಬಿನ ಕಾವಲುಗಾರ ಮುನಿವೆಂಕಟಯ್ಯ. ಹಿಂದೆ ಅವಳಪ್ಪನ ಜೇಸಿಬಿ ಓಡಿಸುತ್ತಿದ್ದವನು. ಕಣ್ಣು ಮಂದವಾದ ಮೇಲೆ ಈ ಕೆಲಸ ಕೊಡಿಸಿದವಳು ಅವಳೇ.

"ಅಮ್ಮಯ್ಯಾ, ನಿಮ್ ದೊಡ್ ಫ್ರೀಜರ್‌ಗೂ ಪೂಜೆ ಮಾಡ್ಬಿಡ್ಲಾ? ಇಲ್ಲಾಂದ್ರೆ ಮುನಿಸ್ಕೊಂಡಾತು!"

"ಮಾಡಿ ತಾತ. ಸಮಿತಿಯವರ ದೃಷ್ಟಿ ತಾಗ್ದಂಗೆ ಒಂದು ನಿಂಬೆಹಣ್ಣೂ ಇಡಿ," ಎಂದು ನಕ್ಕು ಫೋನಿಟ್ಟಳು.

ದಶಮಿಯ ರಜೆ ಕಳೆದು ಚೈತ್ರ ಲ್ಯಾಬಿನ ಬಾಗಿಲು ತೆಗೆದಾಗ ಫ್ರೀಜರಿನ ಗುಂಯ್ ಎನ್ನುವ ಸದ್ದಿರಲಿಲ್ಲ. ಮೈತುಂಬ ವಿಭೂತಿ ಪಟ್ಟೆ, ಬಾಡಿದ ಸೇವಂತಿಗೆ, ಕಾಲಡಿ ನೀರು. ಕಳಚಿದ ಪ್ಲಗ್ಗಿಗೂ ಕುಂಕುಮ.

ಒಳಗೆ, ಮಂಜುಗಡ್ಡೆಯಂತಿರಲೇಬೇಕಾಗಿದ್ದ ರಕ್ತ ಕರಗಿತ್ತು. ಮೂತ್ರಪಿಂಡ ಸೋತ ಮಕ್ಕಳ ರಕ್ತ, ಮನೆಮನೆ ಅಲೆದು ತಂದದ್ದು; ಫಲಿತಾಂಶವೆಲ್ಲ ಅದರಿಂದಲೇ ಬರಬೇಕಿತ್ತು. ದಾಸರಹಳ್ಳಿಯ ಅಂಜಿನಮ್ಮನ ಮಗನದ್ದೂ ಇತ್ತು. ಆ ಹುಡುಗ ಯುಗಾದಿಗೆ ಮೊದಲೇ ತೀರಿಕೊಂಡಿದ್ದ. ಅವನ ರಕ್ತ ಇನ್ನೆಲ್ಲಿ ಸಿಕ್ಕೀತು? ಚೈತ್ರ ಮುನಿವೆಂಕಟಯ್ಯನತ್ತ ತಿರುಗಿದಳು.

"ಯಾಕ್ ತಾತ ಆರಿಸಿದ್ರಿ?"

"ಪೂಜೆ ಮಾಡಿದ್ ಮಿಷಿನ್ನ ಅವತ್ತು ನಡೆಸ್ತಾರೇನಮ್ಮಾ? ಪ್ಲಗ್ ಕಿತ್ರೆ ಕಿರ್ರಂತ ಕೂಗ್ತು, ಗುಂಡಿ ಒತ್ತಿ ಸುಮ್ನಾಗಿಸ್ದೆ. ನಿಮ್ಮಪ್ಪಾರು ದಶಮಿ ಕಳೆಯೋಗಂಟ ಜೇಸಿಬಿ ಮುಟ್ಟುಸ್ತಿರ್ಲಿಲ್ಲ. ಬೀಗದಕೈ ತಗೊಂಡೋಗಿ ದೇವ್ರ ಮುಂದೆ ಇಕ್ತಿದ್ದೋರು ನೀವೇ ಅಲ್ವಾ?"

ಹೌದು. ಲಂಗ ಎತ್ತಿ ಹಿಡಿದು, ಬೀಗದಕೈ ತಟ್ಟೆಯಲ್ಲಿಟ್ಟುಕೊಂಡು ಓಡುತ್ತಿದ್ದವಳು ಅವಳೇ. ಗೊತ್ತಿದ್ದೂ ಮರೆತಿದ್ದಳು.

ಸಮಿತಿಯ ಹಿರಿಯರು ಬಂದರು. "ಯಾರ್ರೀ ಆರಿಸಿದ್ದು?"

ಬಾಗಿಲ ಬಳಿ ಮುನಿವೆಂಕಟಯ್ಯ ಟೋಪಿ ಕೈಯಲ್ಲಿ ಹಿಡಿದು ಗೋಡೆಗೆ ಅಂಟಿ ನಿಂತಿದ್ದ.

"ಪೂಜೆ ಮಾಡಿ ಅಂದೋಳು ನಾನೇ ಸಾರ್. ತಪ್ಪು ನಂದು. ಆರು ತಿಂಗಳು ಕೊಡಿ, ಬದುಕಿರೋ ಮಕ್ಕಳದ್ದಾದ್ರೂ ಮತ್ತೆ ತರ್ತೀನಿ. ಸಂಬಳ ಬೇಡ ಸಾರ್, ಲ್ಯಾಬ್ ಒಂದು ಉಳಿಸಿಕೊಡಿ. ಕೈ ಮುಗೀತೀನಿ."

"ನೋಡಮ್ಮಾ, ನಮಗೂ ಬೇಜಾರೇ. ಏನನ್ನ ನೋಡಿ ಒಪ್ಪಲಿ, ಹೇಳು?"



ಅನುದಾನ ನಿಂತಿತು. ಮುನಿವೆಂಕಟಯ್ಯನ ಕೆಲಸ ಉಳಿಯಿತು. ಬರಿದಾದ ಫ್ರೀಜರಿನ ಪ್ಲಗ್ಗನ್ನು ಅವನು ಮತ್ತೆ ಸಿಕ್ಕಿಸಿದ್ದ; ಅದನ್ನು ಬಿಚ್ಚಿ ಸಾಗಿಸಲು ಬಂದವರಿಗೆಲ್ಲ, "ಅಮ್ಮಯ್ಯ ಹೇಳ್ಲಿ, ಆಮೇಲೆ ಮುಟ್ಟಿ," ಎನ್ನುತ್ತ ಅಡ್ಡ ನಿಲ್ಲುತ್ತಿದ್ದ. ಕೊನೆಗೆ ಚೈತ್ರಳೇ ಬಂದು, ಅವನ ಎದುರಿಗೇ ಸ್ವಿಚ್ಚು ಆರಿಸಿದಳು.

ಬಲಿಪಾಡ್ಯಮಿ ಕಳೆದ ಮೇಲಿನ ಸೋಮವಾರ ಅವಳು ಸಂಸ್ಥೆ ಬಿಟ್ಟು ಹೊರಟುಹೋದಳು.