ಹುಚ್ಚಕ್ಕನ ಮನೆಗೆ ಬಂದ ಮಗ್ಗ

ಪ್ಲೇಗು ಬಂದ ವರ್ಷ ತುರುವನೂರಿನ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮತ್ತೆ ಊರಿಗೆ ಮರಳಿದಾಗ ಕಂಬಳಿ ನೇಯುವ ಚಿತ್ತಯ್ಯನ ಜೊತೆ ಹೆಂಡತಿ ಮರುಳಸಿದ್ದಮ್ಮ ಇರಲಿಲ್ಲ. ಅವಳು ನೂತಿಟ್ಟ ನೂಲು ಒಂದು ಕುಕ್ಕೆಯಷ್ಟು ಉಳಿದಿತ್ತು. ಅದು ಮುಗಿದ ದಿನ ಚಿತ್ತಯ್ಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನಾಚಿಕೆ ಬಿಟ್ಟು ಅತ್ತ. ಅಳಲಿ ಬಿಡಿ, ಹೆಂಡತಿಗಾಗಿ ಅಳದ ಗಂಡಸನ್ನು ಕಟ್ಟಿಕೊಂಡು ಏನಾಗಬೇಕು?

ಆಮೇಲೆ ಮೇಲಿನ ಕೇರಿಯ ಮುದ್ದಕ್ಕ ನೂಲು ತಂದುಕೊಡತೊಡಗಿದಳು. ಅವಳ ಗಂಡನೂ ಅದೇ ಬೇನೆಯಲ್ಲಿ ಹೋಗಿದ್ದ. ಮನೆಯಲ್ಲಿ ಅತ್ತೆ ಹುಚ್ಚಕ್ಕ ಮತ್ತು ಪುಟ್ಟ ಮಗಳು. ಒಂದು ದಿನ ಅವಳು ಮಗ್ಗದ ಮೇಲಿನ ಕಂಬಳಿಯನ್ನು ಬೆರಳಲ್ಲಿ ಜಗ್ಗಿ ನೋಡಿ ಮುಖ ಸಿಂಡರಿಸಿದಳು.

“ಇದೇನ್ರಿ, ಜರಡಿ ನೇಯ್ದೀರಾ? ನಿಮ್ಮ ದುಃಖಾನ ನನ್ನ ನೂಲಿನ ಮೇಲೆ ತೀರಿಸ್ಕಬ್ಯಾಡ್ರಿ.”

ಚಿತ್ತಯ್ಯನಿಗೆ ಮೈಯೆಲ್ಲ ಉರಿಯಿತು. ಅವಳು ಹೋದ ಮೇಲೆ ನೋಡಿದರೆ ಮಾತು ನಿಜ. ಮೊಳದಷ್ಟು ಬಿಚ್ಚಿ, ಹಲ್ಲು ಕಚ್ಚಿ ಮತ್ತೆ ನೇಯ್ದ. ಮುಂದಿನ ಸಲ ಅವಳು ಜಗ್ಗಿ ನೋಡಿ ಸ್ವಲ್ಪ ನಕ್ಕಳು. ಆ ನಗುವಿಗಾಗಿ ತಾನು ಕಾಯುತ್ತಿದ್ದೇನೆಂದು ತಿಳಿದಾಗ ಅವನಿಗೆ ಸತ್ತ ಹೆಂಡತಿಯ ಕೈಗೆ ಕಳ್ಳನಂತೆ ಸಿಕ್ಕಿಬಿದ್ದಂತಾಯಿತು. ಆದರೂ ಪ್ರೀತಿ ಪ್ರೀತಿಯೇ. ತಿಂಗಳುಗಟ್ಟಲೆ ಒದ್ದಾಡಿ ಕೊನೆಗೆ ನನ್ನ ಮನೆ ಸೇರ್ತೀಯಾ ಎಂದು ಕೇಳಿಯೇಬಿಟ್ಟ.

“ನಂಗೂ ಮನಸೈತೆ,” ಎಂದಳು ಮುದ್ದಕ್ಕ. “ಆದ್ರೆ ಮಗೀನ ಬಿಟ್ಟು ಹೆಂಗ್ ಬರ್ಲಿ?”

ಅವರ ಕುಲದಲ್ಲಿ ಗಂಡ ಸತ್ತವಳು ಸೀರೆ ಉಡಿಸಿಕೊಂಡು ಇನ್ನೊಬ್ಬನ ಮನೆ ಸೇರಬಹುದು. ಆದರೆ ಮಗು ಸತ್ತ ಗಂಡನ ಮನೆಯಲ್ಲೇ ಉಳಿಯಬೇಕು. ಹುಚ್ಚಕ್ಕನಿಗೆ ಮಗನ ಗುರುತೆಂದು ಉಳಿದಿದ್ದು ಅದೊಂದೇ. ಅದನ್ನೂ ಕೊಡು ಎಂದು ಯಾವ ಬಾಯಲ್ಲಿ ಕೇಳುವುದು? ಕುಲದ ಯಜಮಾನ ಜುಂಜಣ್ಣ ಬೇರೆ ಹೆಣ್ಣು ನೋಡಿಕೋ ಎಂದ. ಇದಿಲ್ಲದಿದ್ದರೆ ಅದು ಎನ್ನಲು ಮುದ್ದಕ್ಕನೇನು ಸಂತೆಯ ಕುರಿಯೇ?

ಚಿತ್ತಯ್ಯ ಮಗ್ಗ ಬಿಚ್ಚಿ, ಹಾರೆಯನ್ನೂ ಸೇರಿಸಿ ಹೆಗಲ ಮೇಲೆ ಹೊತ್ತು, ಹಾಡುಹಗಲೇ ಮೇಲಿನ ಕೇರಿಗೆ ನಡೆದ. ಜಗಲಿಯ ಮೇಲೆ ಕುಳಿತವರು ಕಿಸಿಕಿಸಿ ನಕ್ಕರು. ನಗುವವರಿಗೇನು, ಹಲ್ಲಿದ್ದರೆ ಸಾಕು.

ಹುಚ್ಚಕ್ಕ ಮೊಮ್ಮಗಳನ್ನು ಅವುಚಿಕೊಂಡು ಹೊಸ್ತಿಲಿಗೆ ಅಡ್ಡ ನಿಂತಳು. “ಮಗೀನ ಕೇಳಾಕ್ ಬಂದಿದ್ರೆ ಬಂದ ದಾರಿ ಹಿಡಿಯಪ್ಪ.”

“ಕೇಳಲ್ಲ ಅವ್ವ. ಮಗು ಇಲ್ಲೇ ಇರ್ಲಿ, ಅದರವ್ವನೂ ಇಲ್ಲೇ ಇರ್ಲಿ. ನಾನೇ ಬಂದೀನಿ. ನಿನ್ನ ಮನೇಲಿ ಮಗ್ಗ ಹಾಕ್ಕಂಡು ದುಡೀತೀನಿ, ನಿನ್ನನ್ನೂ ಸಾಕ್ತೀನಿ.”

“ಸತ್ತೋನ ಮನೆಗೆ ಅಳಿಯ ಬಂದ ಅಂತ ಊರು ಉಗುಳ್ತೈತೆ.”

“ಉಗುಳ್ಲಿ. ಒರೆಸ್ಕಂತೀನಿ.”

ಒಳಗೆ ನೂಲುತ್ತಿದ್ದ ಮುದ್ದಕ್ಕನ ಕೈ ನಿಂತಿತ್ತು. ಮುದುಕಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದಳು.

“ಮಗ್ಗದ ಕುಣಿ ಎಲ್ಲಿ ತೋಡ್ತೀಯ?”

“ಬಾಗ್ಲ ತಾವ ತೋಡ್ಕಂತೀನಿ.”

“ಅಲ್ಲಿಗೆ ಮಳೆನೀರು ಬರ್ತೈತೆ.” ಹುಚ್ಚಕ್ಕ ಒಳಗೆ ನಡೆದು ಗೋಡೆಯ ಪಕ್ಕದ ನೆಲ ತೋರಿಸಿದಳು. “ನನ್ನ ಮಗ ಮಲಗ್ತಿದ್ದ ಜಾಗ. ತೇವ ಇಲ್ಲ. ಇಲ್ಲಿ ತೋಡು.”

ಚಿತ್ತಯ್ಯನಿಗೆ ಹಾರೆ ಎತ್ತಲು ಕೈ ಬರಲಿಲ್ಲ. ಮುದುಕಿ ಮಗುವನ್ನು ಅವನ ತೋಳಿಗೆ ಕೊಟ್ಟು, ಹಾರೆ ಕಿತ್ತುಕೊಂಡು, ಮೊದಲ ಏಟು ತಾನೇ ಹಾಕಿದಳು.